ನಮ್ಮ ಬ್ಯಾಂಡಿನ ರೈಟರಣ್ಣ

ರೈಟರಣ್ಣನ ಬಲಗಿವಿಯ ಮೇಲೆ ಸದಾ ಒಂದು ನೀಲಿ ಬಾಲ್‌ಪೆನ್ನು ಇರುತ್ತಿತ್ತು. ನರೆತ ಗುಂಗುರು ಕೂದಲಿನ ನಡುವಿನಿಂದ ಅದರ ತುದಿ ಮಾತ್ರ ಹೊರಗೆ ಇಣುಕುತ್ತಿತ್ತು. ಡ್ರಮ್ ಬಾರಿಸುವಾಗ ಅವರ ಮೈಯೆಲ್ಲ ಕುಣಿಯುತ್ತಿತ್ತು, ಹಣೆಯ ಬೆವರು ಹಾರಿ ಸಿಂಬಲ್ ಮೇಲೆ ಬೀಳುತ್ತಿತ್ತು. ಆದರೆ ಆ ಪೆನ್ನು ಬಿದ್ದದ್ದನ್ನು ಹನ್ನೆರಡು ವರ್ಷಗಳಲ್ಲಿ ನಾನು ಒಮ್ಮೆಯೂ ನೋಡಲಿಲ್ಲ. ತೆಗೆದಿಟ್ಟು ಬಾರಿಸಿ ಎಂದರೆ, "ಅದಿಲ್ದಿದ್ರೆ ತಲೆ ಒಂದ್ ಕಡೆ ವಾಲುತ್ತೆ ಕಣೋ" ಎನ್ನುತ್ತಿದ್ದರು.

ನಮ್ಮ ಕಡೆ ರೈಟರ್ ಎಂದರೆ ಕಥೆ ಬರೆಯುವವರಲ್ಲ. ಕಾಫಿ ಎಸ್ಟೇಟಿನಲ್ಲಿ ಬೆಳಿಗ್ಗೆ ಆಳುಗಳ ಹಾಜರಿ ತೆಗೆದು, ಯಾರು ಯಾವ ಕಡೆ ಹೋಗಬೇಕೆಂದು ಹೇಳಿ, ಸಂಜೆ ಕುಯ್ದ ಹಣ್ಣನ್ನು ತೂಗಿಸಿ ಬರೆದುಕೊಳ್ಳುವವರು. ಇವರು ಪಾಲಿಬೆಟ್ಟದ ಹತ್ತಿರದ ಒಂದು ಎಸ್ಟೇಟಿನಲ್ಲಿ ಆ ಕೆಲಸದಲ್ಲಿದ್ದರು. ಹುಟ್ಟೂರು ಸೋಮವಾರಪೇಟೆ ಕಡೆ. ಹರೆಯದಲ್ಲಿ ಅಲ್ಲಿನ ಮದುವೆಗಳಲ್ಲಿ ಬ್ಯಾಂಡ್‌ಸೆಟ್ಟಿನವರ ಜೊತೆ ಡ್ರಮ್ ಬಾರಿಸಿ ಕೈ ಪಳಗಿಸಿಕೊಂಡಿದ್ದರು.

ನನ್ನದು ಸಿದ್ದಾಪುರದಲ್ಲಿ ಮೋಟಾರ್ ರಿವೈಂಡಿಂಗ್ ಅಂಗಡಿ. ಒಂದು ಮಧ್ಯಾಹ್ನ ಅವರು ಎಸ್ಟೇಟಿನ ಸುಟ್ಟ ಪಂಪನ್ನು ಜೀಪಿನಲ್ಲಿ ಹಾಕಿಕೊಂಡು ಬಂದಾಗ ನಾನು ಗಿರಾಕಿ ಇಲ್ಲವೆಂದು ಗಿಟಾರ್ ನುಡಿಸುತ್ತ ಕೂತಿದ್ದೆ. ಪಂಪನ್ನು ಇಳಿಸಿ, ಕೌಂಟರಿನ ತಗಡಿನ ಮೇಲೆ ಎರಡು ಸ್ಪ್ಯಾನರ್‌ಗಳಿಂದ ತಾಳ ಹಾಕಲು ಶುರು ಮಾಡಿದರು. ಹಾಡು ಮುಗಿದ ಮೇಲೆ, "ಚೆನ್ನಾಗಿ ನುಡಿಸ್ತೀಯ. ಆದ್ರೆ ಯಾಕಿಷ್ಟು ಓಡ್ತೀಯ? ಅವಸರ ಇದ್ದೋರು ಬಸ್ಸಿಗೆ ಹೋಗ್ಲಿ" ಎಂದರು. ನನಗೆ ಸಿಟ್ಟು ಬಂತು. ಮರುದಿನ ಅದೇ ಹಾಡನ್ನು ನಿಧಾನವಾಗಿ ನುಡಿಸಿ ನೋಡಿದೆ. ಅವರು ಹೇಳಿದ್ದೇ ಸರಿಯಾಗಿತ್ತು. ಅದಕ್ಕೆ ಇನ್ನಷ್ಟು ಸಿಟ್ಟು ಬಂತು.

ಹೀಗೆ ನಮ್ಮ ಬ್ಯಾಂಡು ಹುಟ್ಟಿತು. ನಾನು ಗಿಟಾರು ಮತ್ತು ಹಾಡು. ನನ್ನ ಶಾಲಾ ಗೆಳೆಯ ಮುತ್ತಣ್ಣ ಬೇಸ್ ಗಿಟಾರು. ರೈಟರಣ್ಣ ಡ್ರಮ್. ಕ್ಲಬ್ಬೊಂದರ ಮೂಲೆಯಲ್ಲಿ ಧೂಳು ಹಿಡಿದು ಬಿದ್ದಿದ್ದ ಹಳೆಯ ಡ್ರಮ್ ಸೆಟ್ಟನ್ನು ಅವರು ಕೇಳಿ ತಂದು, ಹರಿದ ಚರ್ಮ ಬದಲಿಸಿ, ತಿಂಗಳುಗಟ್ಟಲೆ ತಿಕ್ಕಿ ಹೊಳಪು ಬರಿಸಿದ್ದರು. ಅಭ್ಯಾಸ ಮುತ್ತಣ್ಣನ ಮನೆಯ ಕಾಫಿ ಗೋಡೌನಿನಲ್ಲಿ. ಕುಯ್ಲಿನ ಕಾಲದಲ್ಲಿ ಗೋಡೆಗೆ ಒತ್ತಿ ಚೀಲಗಳನ್ನು ಪೇರಿಸಿರುತ್ತಿದ್ದರು, ನಮಗೆ ನಿಲ್ಲಲೂ ಜಾಗ ಸಾಲುತ್ತಿರಲಿಲ್ಲ. ರೈಟರಣ್ಣನಿಗೆ ಆ ಕಾಲವೇ ಇಷ್ಟ. "ಚೀಲ ತುಂಬಿದ್ದಾಗ ಡ್ರಮ್ಮು ಮಾತಾಡುತ್ತೆ. ಖಾಲಿ ಇದ್ದಾಗ ಕಿರುಚುತ್ತೆ, ಅಷ್ಟೆ" ಎನ್ನುತ್ತಿದ್ದರು.

ಅವರದೊಂದು ಅಭ್ಯಾಸವನ್ನು ಹೇಳಲೇಬೇಕು. ಎಲ್ಲ ಡ್ರಮ್ಮರುಗಳೂ ಹಾಡಿಗೆ ಮುಂಚೆ ಕೋಲಿಗೆ ಕೋಲು ತಟ್ಟಿ ನಾಲ್ಕು ಎಣಿಸುತ್ತಾರೆ. ರೈಟರಣ್ಣ ಕೋಲು ತಟ್ಟುತ್ತಿರಲಿಲ್ಲ, ಗಟ್ಟಿ ದನಿಯಲ್ಲಿ ಕೂಗುತ್ತಿದ್ದರು. ಅದೂ ತಮಿಳಿನಲ್ಲಿ. ಅವರ ಎಸ್ಟೇಟಿನ ಲೈನುಗಳಲ್ಲಿ, ಎಂದರೆ ಆಳುಗಳ ಸಾಲುಮನೆಗಳಲ್ಲಿ, ಇದ್ದವರು ಹೆಚ್ಚಿನವರು ತಮಿಳರು. ಲಾರಿಗೆ ಚೀಲ ಏರುವಾಗ ಮೂವತ್ತು ವರ್ಷ ಅವರ ಜೊತೆ ಎಣಿಸಿ ಎಣಿಸಿ, ಎಣಿಕೆ ಎಂದರೆ ರೈಟರಣ್ಣನ ಬಾಯಿಗೆ ಬರುತ್ತಿದ್ದದ್ದು ತಮಿಳೇ. "ಒಣ್ಣು! ರೆಂಡು! ಮೂಣು! ನಾಲು!" ನಾಲು ಎಂಬುದು ಮುಗಿಯುವ ಮೊದಲೇ ನಮ್ಮ ಬೆರಳು ತಂತಿಯ ಮೇಲೆ ಬಿದ್ದಿರುತ್ತಿತ್ತು. ಮೈಸೂರಿನ ಒಂದು ಮದುವೆಯಲ್ಲಿ ಜನ ನಮ್ಮನ್ನು ತಮಿಳು ಬ್ಯಾಂಡೆಂದು ತಿಳಿದು, ಕನ್ನಡ ಹಾಡು ಹಾಡಿದಾಗ, ಪರವಾಗಿಲ್ಲ, ಉಚ್ಚಾರ ಚೆನ್ನಾಗಿದೆ ಎಂದು ಮೆಚ್ಚಿಕೊಂಡಿದ್ದರು.

ಮದುವೆ, ಕ್ಲಬ್ಬು, ಕಾಲೇಜು ಎಂದು ನಾವು ಆಗೀಗ ನುಡಿಸುತ್ತಿದ್ದೆವು. ಮುತ್ತಣ್ಣನಿಗೂ ನನಗೂ ಅಷ್ಟೇ ಸಾಕಾಗಿತ್ತು. ರೈಟರಣ್ಣನಿಗೆ ಮಾತ್ರ ಒಂದು ಆಸೆ. "ಒಂದ್ಸಲ ಊರೂರು ತಿರುಗ್ಬೇಕು ಕಣ್ರೋ. ಇವತ್ತು ಒಂದೂರು, ನಾಳೆ ಇನ್ನೊಂದು. ಟೂರು ಅಂದ್ರೆ ಟೂರು." ಇದನ್ನು ವರ್ಷಕ್ಕೆ ಹತ್ತು ಸಲವಾದರೂ ಹೇಳುತ್ತಿದ್ದರು. ನಾವು ನಗುತ್ತಿದ್ದೆವು.

ಅವರ ಬಲಗೈ ನಡುಗುವುದನ್ನು ಮೊದಲು ನೋಡಿದವನು ಮುತ್ತಣ್ಣ. ನಾನು ನಂಬಲಿಲ್ಲ. ಒಂದು ಭಾನುವಾರ ಅಭ್ಯಾಸದ ನಡುವೆ ಅವರ ಕೈಯಿಂದ ಕೋಲು ಹಾರಿ ಮುತ್ತಣ್ಣನ ಬೇಸ್‌ಗೆ ಬಡಿಯಿತು. ಎಲ್ಲರೂ ನಕ್ಕೆವು, ಎಲ್ಲರಿಗಿಂತ ಜೋರಾಗಿ ಅವರೇ ನಕ್ಕರು. ಮುಂದಿನ ವಾರವೂ ಹಾರಿತು, ಆಗ ಯಾರೂ ನಗಲಿಲ್ಲ. ಮೈಸೂರಿನ ಡಾಕ್ಟರು ಇದು ವಾಸಿಯಾಗುವ ನಡುಕವಲ್ಲ, ಮಾತ್ರೆಯಿಂದ ಸ್ವಲ್ಪ ಹತೋಟಿಗೆ ಬರುತ್ತದೆ ಅಷ್ಟೆ ಎಂದರಂತೆ. ಹಾಡು ಅರ್ಧಕ್ಕೆ ಬರುವಷ್ಟರಲ್ಲಿ ತಾಳ ಜಾರುತ್ತಿತ್ತು. ಅವರಿಗೆ ಅದು ನಮಗಿಂತ ಮೊದಲೇ ಗೊತ್ತಾಗುತ್ತಿತ್ತು. ಬೈಯುವಂತೆ ತಮ್ಮ ಕೈಯನ್ನೇ ದಿಟ್ಟಿಸುತ್ತಿದ್ದರು.

ಹಾಳಾದ್ದು, ಟೂರು ಬಂದದ್ದು ಅದೇ ಹೊತ್ತಿಗೆ. ಬೆಂಗಳೂರಿನ ಆಯೋಜಕರೊಬ್ಬರು ನಮ್ಮ ಹಾಡುಗಳನ್ನು ಮೊಬೈಲಿನಲ್ಲಿ ಕೇಳಿ, ಹಾಸನ, ಶಿವಮೊಗ್ಗ, ಮಂಗಳೂರು, ಮೈಸೂರು, ಕೊನೆಗೆ ಮಡಿಕೇರಿ, ಹೀಗೆ ಐದು ಊರುಗಳಲ್ಲಿ ಕಾರ್ಯಕ್ರಮ ಗೊತ್ತು ಮಾಡಿದರು. ಮುತ್ತಣ್ಣನೂ ನಾನೂ ಕೂತು ಮಾತಾಡಿಕೊಂಡೆವು. ಕುಶಾಲನಗರದ ಸಹನಾ ಎಂಬ ಹುಡುಗಿ ಕಾಲೇಜಿನಲ್ಲಿ ಡ್ರಮ್ ಬಾರಿಸುವುದನ್ನು ಕೇಳಿದ್ದೆವು, ಅವಳನ್ನು ಒಪ್ಪಿಸಿದೆವು. ರೈಟರಣ್ಣನಿಗೆ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ನಾಳೆ ಹೇಳುತ್ತೇನೆ, ನಾಡಿದ್ದು ಹೇಳುತ್ತೇನೆ ಎಂದು ಮೂರು ವಾರ ತಳ್ಳಿದೆ. ಅಷ್ಟರಲ್ಲಿ ಆಯೋಜಕರ ಪೋಸ್ಟರು ಬಂದು ಸಿದ್ದಾಪುರದ ಬಸ್‌ಸ್ಟ್ಯಾಂಡಿನ ಗೋಡೆಗೆ ಅಂಟಿಕೊಂಡಿತು. ಹೊಸ ತಂಡ, ಹೊಸ ಸದ್ದು ಎಂದು ದೊಡ್ಡ ಅಕ್ಷರ. ನಮ್ಮಿಬ್ಬರ ನಡುವೆ ಸಹನಾಳ ಫೋಟೊ.

ಅದೇ ದಿನ ಹನ್ನೊಂದು ಗಂಟೆಗೆ ರೈಟರಣ್ಣ ಅಂಗಡಿಗೆ ಬಂದರು. ನಾನು ಸುಮ್ಮನೆ ಒಂದು ಮೋಟಾರಿನೊಳಗೆ ತಲೆ ಹಾಕಿದೆ.

"ನನ್ನ ಜಾಗದಲ್ಲಿ ಆ ಹುಡುಗಿ ನನಗಿಂತ ಚೆನ್ನಾಗ್ ಕಾಣ್ತಾಳೆ ಕಣೋ" ಎಂದರು.

"ರೈಟರಣ್ಣ, ನಾನೇ ಬಂದು ಹೇಳ್ಬೇಕು ಅಂತ ಇದ್ದೆ..."

"ಇರ್ಲಿ ಬಿಡು ಮಾರಾಯ. ನಿನ್ನ ಬಾಯಿಂದ ಕೇಳೋದಕ್ಕಿಂತ ಗೋಡೆ ಮೇಲೆ ನೋಡಿದ್ದೇ ಒಳ್ಳೇದಾಯ್ತು. ನೀನಾದ್ರೆ ಅಳ್ತಿದ್ದೆ." ಕೌಂಟರಿನ ಮೇಲಿದ್ದ ಸ್ಪ್ಯಾನರನ್ನು ಎತ್ತಿ ಬದಿಗಿಟ್ಟು ಕೇಳಿದರು: "ಡ್ರಮ್ ಜೋಡ್ಸೋಕೆ ಯಾರು ಬರ್ತಾರೆ?"

ಯಾರೂ ಇಲ್ಲ ಎಂದೆ. ಹಾಗಾದರೆ ತಾವೇ ಬರುವುದಾಗಿ ಹೇಳಿದರು. ಹೀಗೆ ಹನ್ನೆರಡು ವರ್ಷ ಕನಸು ಕಂಡ ಟೂರಿಗೆ ಅವರು ಡ್ರಮ್ ಹೊರುವವರಾಗಿ ಹೊರಟರು. ನಾನು ಅದನ್ನು ಅವರ ದೊಡ್ಡ ಮನಸ್ಸೆಂದು ಎಲ್ಲರಿಗೂ ಹೇಳಿಕೊಂಡು ತಿರುಗಿದೆ. ನನಗೆ ಹಾಗೆ ತಿಳಿದುಕೊಳ್ಳುವುದು ಅನುಕೂಲವಾಗಿತ್ತು.

ಒಂದೂವರೆ ತಿಂಗಳು ಗೋಡೌನಿನಲ್ಲಿ ಸಹನಾಗೆ ಹಾಡುಗಳನ್ನು ಕಲಿಸಿದವರು ಅವರೇ. ಅವಳ ಪಕ್ಕ ಒಂದು ಕಾಫಿ ಚೀಲದ ಮೇಲೆ ಕೂತು, ಎಲ್ಲಿ ಬಿಗಿ, ಎಲ್ಲಿ ಸಡಿಲ ಎಂದು ಒಂದೊಂದನ್ನೂ ಹೇಳಿಕೊಟ್ಟರು. ಅವಳು ಅವರನ್ನು ಅಂಕಲ್ ಎನ್ನುತ್ತಿದ್ದಳು. ಮಾರ್ಚಿನಲ್ಲಿ ಹೂಮಳೆ ಬಿದ್ದು ತೋಟವೆಲ್ಲ ಬೆಳ್ಳಗೆ ಹೂ ಬಿಟ್ಟ ವಾರ ನಾವು ವ್ಯಾನ್ ಹತ್ತಿದೆವು.

ಹಾಸನದಲ್ಲಿ ಒಂದು ಕಾಲೇಜು ಮೈದಾನ, ಸಂಜೆ ನಾಲ್ಕು ಗಂಟೆ. ಮೈದಾನ ತುಂಬ ಹುಡುಗ ಹುಡುಗಿಯರು. ಸಹನಾ ಕೋಲಿಗೆ ಕೋಲು ನಾಲ್ಕು ಸಲ ತಟ್ಟಿ ಶುರು ಮಾಡಿದಳು. ಡ್ರಮ್ಮು ಒಂದೇ ಹೋಗುತ್ತಿತ್ತು. ನಾನೂ ಮುತ್ತಣ್ಣನೂ ಕಂಬದ ಹಾಗೆ ನಿಂತಿದ್ದೆವು. ಅವಳು ನಿಲ್ಲಿಸಿ, ಮತ್ತೆ ತಟ್ಟಿದಳು. ನಾನು ಒಂದು ಪೆಟ್ಟು ತಡವಾಗಿ ಬಂದೆ, ಮುತ್ತಣ್ಣ ಬರಲೇ ಇಲ್ಲ. ಜನ ನಗಲು ಶುರು ಮಾಡಿದರು. ಏನಾಗಿದೆ ಎಂದು ನನಗೆ ಆಗ ಹೊಳೆಯಿತು. ನಾವಿಬ್ಬರೂ ಆ ತಮಿಳಿನ ಎಣಿಕೆಗೆ ಕಾಯುತ್ತಿದ್ದೆವು. ಗೋಡೌನಿನ ಅಭ್ಯಾಸದಲ್ಲಿ ಚೀಲದ ಮೇಲೆ ಕೂತ ರೈಟರಣ್ಣ ರೂಢಿಯಂತೆ ತಾವೇ ಕೂಗುತ್ತಿದ್ದರು. ಅವರಿಗೂ ಅದರ ಅರಿವಿರಲಿಲ್ಲ, ನಮಗೂ ಇರಲಿಲ್ಲ.

ವೇದಿಕೆಯ ಪಕ್ಕಕ್ಕೆ ತಿರುಗಿದೆ. ರೈಟರಣ್ಣ ಅಲ್ಲೇ ಇದ್ದರು. ಅವರ ಬಾಯಿ ತೆರೆದಿತ್ತು. ಕೂಗಿಯೇ ಬಿಡುತ್ತಾರೆ ಎಂದುಕೊಂಡೆ. ಅವರು ನಡುಗುವ ಬಲಗೈಯನ್ನು ಎತ್ತಿ ತಮ್ಮ ಬಾಯನ್ನು ಮುಚ್ಚಿಕೊಂಡರು. ಹಾಗೇ ಮುಚ್ಚಿಕೊಂಡು ನಿಂತರು. ಮೂರನೆಯ ಸಲ ನಾನು ಸಹನಾಳ ಕೈಯನ್ನೇ ನೋಡುತ್ತ ಹೇಗೋ ಸೇರಿಕೊಂಡೆ.

ಕಾರ್ಯಕ್ರಮ ಮುಗಿದು ವ್ಯಾನಿನಲ್ಲಿ ಕೂತಾಗ ಅವರ ಮೇಲೆ ರೇಗಿದೆ. "ಒಂದೇ ಒಂದು ಸಲ ಕೂಗಿದ್ರೆ ಏನಾಗ್ತಿತ್ತು ರೈಟರಣ್ಣ? ಅಷ್ಟು ಜನರ ಮುಂದೆ ಮಾನ ಹೋಯ್ತಲ್ಲ!"

"ನಾನ್ ಕೂಗಿದ್ರೆ ಈ ಹುಡುಗಿ ಯಾವತ್ತೂ ನಿಮ್ಮ ಡ್ರಮ್ಮರ್ ಆಗ್ತಿರ್ಲಿಲ್ಲ ಕಣೋ. ನನ್ನ ಕೈ ಆಗ್ತಿದ್ಲು ಅಷ್ಟೆ" ಎಂದರು. ಆಮೇಲೆ ಕಿಟಕಿ ಕಡೆ ಮುಖ ಮಾಡಿ ಅಳುತ್ತಿದ್ದ ಸಹನಾಗೆ, "ಅಳ್ಬೇಡ ಕಣವ್ವ. ಇವರಿಬ್ರೂ ಹಳೇ ಎತ್ತು. ಹೊಸ ದನಿ ಗುರುತಾಗೋಕೆ ನಾಕು ದಿನ ಹಿಡಿಯುತ್ತೆ. ನೀನು ನಿನ್ನ ದನೀಲೇ ಕೂಗು" ಎಂದರು.

ಶಿವಮೊಗ್ಗದಿಂದ ಅವಳು ಕೂಗತೊಡಗಿದಳು, ಕನ್ನಡದಲ್ಲಿ. ಮಂಗಳೂರಿಗೆ ಬರುವಷ್ಟರಲ್ಲಿ ನಮ್ಮ ಕಿವಿ ಅದಕ್ಕೆ ಒಗ್ಗಿತು. ಮೈಸೂರಿನಲ್ಲಿ ನಾವು ಹಿಂದೆಂದೂ ನುಡಿಸದಷ್ಟು ಚೆನ್ನಾಗಿ ನುಡಿಸಿದೆವು, ಅದನ್ನು ಒಪ್ಪಿಕೊಳ್ಳಬೇಕು. ಪ್ರತಿ ಊರಿನಲ್ಲೂ ರೈಟರಣ್ಣ ಎರಡು ಗಂಟೆ ಮೊದಲೇ ವೇದಿಕೆ ಹತ್ತಿ, ನಡುಗುವ ಕೈಯಲ್ಲಿ ಒಂದೊಂದೇ ಸ್ಕ್ರೂ ಬಿಗಿದು ಡ್ರಮ್ ಜೋಡಿಸುತ್ತಿದ್ದರು. ಸಹಾಯಕ್ಕೆ ಹೋದರೆ ಓಡಿಸುತ್ತಿದ್ದರು.

ಕೊನೆಯದು ಮಡಿಕೇರಿ. ಸಭಾಂಗಣ ಕಿಕ್ಕಿರಿದಿತ್ತು. ರೈಟರಣ್ಣನ ಎಸ್ಟೇಟಿನ ಲೈನುಗಳಿಂದ ಒಂದು ಪಿಕಪ್ ತುಂಬ ಜನ ಬಂದಿದ್ದರು. ಹೆಂಗಸರು ಮಲ್ಲಿಗೆ ಮುಡಿದು, ಮಕ್ಕಳನ್ನು ಎತ್ತಿಕೊಂಡು ಹಿಂದಿನ ಸಾಲುಗಳಲ್ಲಿ ಕೂತಿದ್ದರು. ಪೋಸ್ಟರನ್ನು ಅವರಾರೂ ಓದಿರಲಿಲ್ಲ. ತಮ್ಮ ರೈಟರು ಬಾರಿಸುತ್ತಾರೆ ಎಂದೇ ಬಂದಿದ್ದರು. ಎರಡು ಹಾಡು ಆದ ಮೇಲೆ ಹಿಂದಿನಿಂದ ಕೂಗು ಶುರುವಾಯಿತು: "ರೈಟರಯ್ಯ ಎಲ್ಲಿ? ನಮ್ಮ ರೈಟರಯ್ಯನ್ನ ಕರೀರಿ!"

ಮುತ್ತಣ್ಣ ನನ್ನ ಹತ್ತಿರ ಬಂದು ಕಿವಿಯಲ್ಲಿ ಹೇಳಿದ. "ಒಂದು ಹಾಡಿಗೆ ಕರೆಯುವ. ಎಂತ ಹೇಳ್ತಿ?"

ವೇದಿಕೆಯ ಪಕ್ಕದಲ್ಲಿ ರೈಟರಣ್ಣ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ನಿಂತಿದ್ದರು. ನನ್ನ ಕಡೆಗೇ ನೋಡುತ್ತಿದ್ದರು. ಮುಂದಿನ ಸಾಲಿನಲ್ಲಿ ಬೆಂಗಳೂರಿನ ಆಯೋಜಕರು ತಮ್ಮಂಥ ಇನ್ನಿಬ್ಬರು ಆಯೋಜಕರನ್ನು ಕರೆತಂದು ಕೂರಿಸಿಕೊಂಡಿದ್ದರು. ಕೋಲು ಹಾರಿದರೆ? ತಾಳ ತಪ್ಪಿದರೆ? ನಾನು ಮುತ್ತಣ್ಣನಿಗೆ ಬೇಡವೆಂದು ತಲೆಯಾಡಿಸಿ ಮುಂದಿನ ಹಾಡಿಗೆ ಸಹನಾ ಕಡೆ ಕೈ ಮಾಡಿದೆ. ಕೂಗುತ್ತಿದ್ದವರು ಆಮೇಲೆ ಸುಮ್ಮನಾದರು. ರೈಟರಣ್ಣನಿಗೆ ಅವಮಾನ ಆಗದಿರಲಿ ಎಂದೇ ಹಾಗೆ ಮಾಡಿದೆ ಎಂದು ನನಗೆ ನಾನೇ ಹೇಳಿಕೊಂಡೆ.

ಎಲ್ಲ ಮುಗಿದ ಮೇಲೆ ಅವರು ಡ್ರಮ್ಮುಗಳನ್ನು ಬಿಚ್ಚಿ ಪೆಟ್ಟಿಗೆಗೆ ಹಾಕಿದರು. "ಚೆನ್ನಾಗಿತ್ತು ಕಣೋ. ಓಡ್ಲಿಲ್ಲ ನೀನು" ಎಂದು ನನ್ನ ಬೆನ್ನು ತಟ್ಟಿ, ಲೈನಿನವರ ಪಿಕಪ್ಪಿನಲ್ಲೇ ಹತ್ತಿ ಹೊರಟುಹೋದರು. ಅವರೊಡನೆ ನಾನು ಮಾತಾಡಿದ್ದು ಅದೇ ಕೊನೆ. ಆಮೇಲೆ ಎರಡು ಸಲ ಫೋನ್ ಮಾಡಿದ್ದರು. ಒಮ್ಮೆ ಕೈ ತುಂಬ ಕೆಲಸವಿತ್ತು, ಇನ್ನೊಮ್ಮೆ ಯಾಕೆ ಎತ್ತಲಿಲ್ಲವೋ ನೆನಪಿಲ್ಲ.

ಜೂನಿನ ಮಳೆ ಹಿಡಿದ ಮೊದಲ ವಾರ, ಬೆಳಿಗ್ಗೆ ಹಾಜರಿ ತೆಗೆದು ಕುರ್ಚಿಯಲ್ಲಿ ಕೂತವರು ಮತ್ತೆ ಏಳಲಿಲ್ಲ. ಹೃದಯಾಘಾತ ಎಂದರು. ಮಣ್ಣಿಗೆ ನಾವು ಮೂವರೂ ಹೋದೆವು. ಸಹನಾ ಬಹಳ ಅತ್ತಳು. ನನಗೆ ಅಳು ಬರಲಿಲ್ಲ. ಯಾಕೆ ಬರುತ್ತಿಲ್ಲ ಎಂದು ನನ್ನ ಮೇಲೇ ಸಿಟ್ಟು ಬಂತು.

ಕೆಲಸದಲ್ಲಿದ್ದವರು ಹೋದ ಮೇಲೆ ಎಸ್ಟೇಟಿನ ಕ್ವಾರ್ಟರ್ಸ್ ಬಿಡಬೇಕು. ತಿಂಗಳ ನಂತರ ಅವರ ಹೆಂಡತಿ ಸೋಮವಾರಪೇಟೆಗೆ ಹೊರಡುತ್ತಿದ್ದಾರೆ ಎಂದು ತಿಳಿದು, ಸಾಮಾನು ಏರಿಸಲು ಕೈಜೋಡಿಸೋಣವೆಂದು ಹೋದೆ. ಆಕೆ ಅಡುಗೆಮನೆಯಲ್ಲಿ ಪಾತ್ರೆಗಳನ್ನು ಗೋಣಿಚೀಲಕ್ಕೆ ತುಂಬುತ್ತಿದ್ದರು. ನನ್ನನ್ನು ಕೂರಿಸಿ ಕಾಫಿ ಕೊಟ್ಟರು. ಟೂರಿನ ಮಾತು ಬಂತು. ಎಂಥ ದೊಡ್ಡ ಮನಸ್ಸು ಅಕ್ಕಾ ಅವರದು, ತಾವಾಗಿಯೇ ಜಾಗ ಬಿಟ್ಟುಕೊಟ್ಟರು ಎಂದೆ.

ಆಕೆ ಕೈಯಲ್ಲಿದ್ದ ತಟ್ಟೆಯನ್ನು ಕೆಳಗಿಟ್ಟರು.

"ಬಿಟ್ಟು ಎಲ್ಲಿ ಕೊಟ್ರು ತಮ್ಮ? ದಿನಾ ಮಧ್ಯಾಹ್ನ ಊಟ ಆದ್ಮೇಲೆ ದಿಂಬು ತೊಡೆ ಮೇಲೆ ಇಟ್ಕೊಂಡು ಬಡೀತಿದ್ರು. ಬಲಗೈ ಆಗಲ್ಲ ಅಂತ ಎಡಗೈಯಲ್ಲಿ. ಒಂದೇ ಹಾಡು, ಎರಡು ತಿಂಗಳು. ಮಡಿಕೇರೀಲಿ ಹೆಂಗಿದ್ರೂ ಕರೀತಾರೆ, ಅಷ್ಟು ವರ್ಷದ ಸ್ನೇಹ, ಒಂದಾದ್ರೂ ತಪ್ಪಿಲ್ದೆ ನುಡಿಸ್ಬೇಕು ಅಂತ. ಲೈನಿನವ್ರಿಗೆಲ್ಲ ಬನ್ನಿ ಅಂತ ಹೇಳಿದ್ದೂ ಅವ್ರೇ."

ಹೊರಗೆ ಲಾರಿಯವನು ಹಾರ್ನ್ ಮಾಡಿದ. ಆಕೆ ನನ್ನನ್ನೇ ನೋಡುತ್ತ ಕೇಳಿದರು: "ಒಂದ್ ಮಾತ್ ಕೇಳ್ಲಾ? ಇನ್ನೊಂದ್ಸಲ ಟೂರು ಅಂತ ಆಗಿದ್ದಿದ್ರೆ ಇವ್ರನ್ನ ಕರೀತಿದ್ರಾ?"

"ಕರೀತಿದ್ದೆ ಅಕ್ಕಾ. ಮೊದಲ್ನೇ ಹಾಡಿಗೇ ಕರೀತಿದ್ದೆ."

ಕರೆಯುತ್ತಿರಲಿಲ್ಲ. ನನ್ನ ಬುದ್ಧಿ ನನಗೆ ಗೊತ್ತು. ಇನ್ನೊಬ್ಬ ಆಯೋಜಕ, ಇನ್ನೊಂದು ಮುಂದಿನ ಸಾಲು, ಇನ್ನೊಂದು ನೆಪ ಸಿಗುತ್ತಿತ್ತು.

ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡು ತಟ್ಟೆಯನ್ನು ಮತ್ತೆ ಎತ್ತಿಕೊಂಡರು.

"ಮಡಿಕೇರಿಯಿಂದ ಬಂದ ರಾತ್ರಿ ನಾನೂ ಅವ್ರಿಗೆ ಹಂಗೇ ಹೇಳಿದ್ದೆ ತಮ್ಮ, ಮುಂದಿನ್ ಸಲ ಖಂಡಿತ ಕರೀತಾರೆ ಅಂತ" ಎಂದರು. "ನಂಬಿದ್ರು."