ದಿನಕ್ಕೊಂದು ಅಂಗಿ

ಬೆಲೆ ಏರಿಸಬೇಕೇ, ಒಂದು ಗುಂಡಿ ಒತ್ತಿದರೆ ಸಾಕು. ಯಾಕೆ, ಏನು ಎಂದು ಯಾರೂ ಕೇಳುವುದಿಲ್ಲ. ಇಳಿಸಬೇಕೇ, ಅರ್ಜಿ ಹಾಕಿ, ಕಾರಣ ಬರೆದು, ಕೈ ಕಟ್ಟಿ ಕಾಯಬೇಕು. ಹೋದ ವರ್ಷ ನಮ್ಮ ಅತ್ತಿಗೆ ಒಂದೇ ಒಂದು ಬೆಲೆ ಇಳಿಸಲು ಪಟ್ಟ ಪಾಡನ್ನು ನೆನೆದರೆ ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಅತ್ತಿಗೆ ಎಂದರೆ ನನ್ನ ಅಣ್ಣನ ಹೆಂಡತಿ. ಮದುವೆಯಾಗಿ ಬಂದ ಮರುವಾರ ನಮ್ಮ ಮನೆಯ ಲಾಂಡ್ರಿಯಲ್ಲಿ ಇಸ್ತ್ರಿ ಮೇಜಿನ ಮುಂದೆ ನಿಂತವರು ಹದಿನಾರು ವರ್ಷ ಅಲ್ಲಿಂದ ಕದಲಲಿಲ್ಲ. ಬಲಗೈಯ ಮಣಿಕಟ್ಟಿನ ಸುತ್ತ ನಾಲ್ಕು ಸುಟ್ಟ ಕಲೆಗಳಿವೆ. ಕೇಳಿದರೆ ಒಂದೊಂದಕ್ಕೂ ಒಬ್ಬ ಗಿರಾಕಿಯನ್ನು ಹೇಳುತ್ತಾರೆ: ಇದು ವಕೀಲರ ಕೋಟು, ಇದು ಬ್ಯಾಂಡಿನವರ ಸಮವಸ್ತ್ರ, ಇದು ಮೇಷ್ಟರ ಒಂದೇ ಒಂದು ಒಳ್ಳೆ ಅಂಗಿ. ಮನುಷ್ಯರ ಮುಖ ಮರೆತಾರು, ಅವರ ಕಾಲರ್ ಮರೆಯುವವರಲ್ಲ.

ಲಾಂಡ್ರಿ ನಡೆಸುವವರಿಗೆ ಕೊಳೆ ದೊಡ್ಡ ತಲೆನೋವಲ್ಲ, ಬಟ್ಟೆ ಅದಲು ಬದಲಾಗುವುದೇ ತಲೆನೋವು. ವಕೀಲರ ಅಂಗಿ ವೈದ್ಯರ ಮನೆಗೆ ಹೋದರೆ ಇಬ್ಬರೂ ಬಾಗಿಲಿಗೆ ಬಂದು ನಿಲ್ಲುತ್ತಾರೆ. ಅತ್ತಿಗೆ ಅದಕ್ಕೆ ತಮ್ಮದೇ ಒಂದು ದಾರಿ ಹುಡುಕಿದ್ದರು. ಬಟ್ಟೆಗೆ ಗಿರಾಕಿಯ ಹೆಸರಿನ ಚೀಟಿ ಹಾಕುತ್ತಿರಲಿಲ್ಲ. ಅದು ಕೊನೆಗೆ ಯಾವ ಗೂಡಿನಲ್ಲಿ ಕೂರಬೇಕೋ ಆ ಗೂಡಿನ ಸಂಖ್ಯೆ ಹಾಕುತ್ತಿದ್ದರು. ಹದಿನಾರು ವರ್ಷದಲ್ಲಿ ಕಳೆದುಹೋದದ್ದು ಮೂರು ಕರ್ಚೀಫು, ಒಂದು ಕಾಲುಚೀಲ. ಕಂಪ್ಯೂಟರ್ ರಿಪೇರಿ ಮಾಡುತ್ತಿದ್ದ ಅಣ್ಣ ಆ ಪದ್ಧತಿಯನ್ನೇ ಒಂದು ಸಾಫ್ಟ್‌ವೇರ್ ಮಾಡಿದ. ಅಕ್ಕಪಕ್ಕದ ಲಾಂಡ್ರಿಯವರು ಕೇಳಿ ಪಡೆದರು. ಆಮೇಲೆ ಅದನ್ನು ಆನ್‌ಲೈನ್ ಮಾರುಕಟ್ಟೆಗೆ ಹಾಕಿದೆವು.

ಅಂಗಡಿ, ಔಷಧಿ ಮಳಿಗೆ, ಗ್ಯಾರೇಜು, ಎಲ್ಲಕ್ಕೂ ಬೇಕಾದ ಸಾಫ್ಟ್‌ವೇರ್ ಮಾರುವ ಜಾಗ ಅದು. ನಾವು ಮನೆಯಲ್ಲಿ ಅದನ್ನು ಸಂತೆ ಎನ್ನುತ್ತೇವೆ. ಯಾವ ದೇಶದವನು ಬಂದರೂ ಅವನ ದೇಶದ ದುಡ್ಡಿನಲ್ಲೇ ಬೆಲೆ ಕಾಣುತ್ತದೆ, ಅದರಲ್ಲೇ ಕೊಟ್ಟು ಕೊಳ್ಳಬಹುದು. ಒಳ್ಳೆಯ ಅನುಕೂಲ. ಸಂತೆಯನ್ನು ಹೊಗಳುವ ಕೆಲಸ ಇಲ್ಲಿಗೆ ಮುಗಿಯಿತು.

ಬೆಲೆ ಹಾಕುವ ದಿನ ಅಣ್ಣ ಹೇಳಿದ, "ನಮ್ಮ ದುಡ್ಡಲ್ಲಿ ತಿಂಗಳಿಗೆ ಇಷ್ಟು ಅಂತ ಒಂದು ಬೆಲೆ ಹಾಕೋಣ. ಬೇರೆ ದೇಶಕ್ಕೆಲ್ಲ ಸಂತೆನೇ ಲೆಕ್ಕ ಹಾಕ್ಕೊಳ್ಳುತ್ತೆ."

"ಲೆಕ್ಕ ಹಾಕುತ್ತೆ, ಹೊಟ್ಟೆ ನೋಡಲ್ಲ," ಎಂದರು ಅತ್ತಿಗೆ. "ಇಲ್ಲಿ ಮೂವತ್ತು ಅಂಗಿ ಇಸ್ತ್ರಿ ಮಾಡಿದ ದುಡ್ಡು ಇನ್ನೊಂದು ಕಡೆ ಮುನ್ನೂರು ಅಂಗಿ ದುಡ್ಡಾಗಬಹುದು. ಹಾಗೆ ಕೇಳೋಕೆ ನನಗೆ ಬಾಯಿ ಬರಲ್ಲ."

ಹಾಗಾದರೆ ಹೇಗೆ ಎಂದರೆ, ಅವರ ಕಾನೂನು ಒಂದೇ: ದಿನಕ್ಕೊಂದು ಅಂಗಿ. ಯಾವ ದೇಶವೇ ಆಗಲಿ, ಅಲ್ಲಿನ ಲಾಂಡ್ರಿಯವನು ದಿನಕ್ಕೆ ಒಂದು ಅಂಗಿ ಇಸ್ತ್ರಿ ಮಾಡಿದ ದುಡ್ಡು ನಮಗೆ, ಮಿಕ್ಕಿದ್ದೆಲ್ಲ ಅವನಿಗೆ. ದೇಶಕ್ಕೊಂದು ಬೆಲೆ ಹಾಕಲು ಸಂತೆಯಲ್ಲಿ ಅವಕಾಶವಿತ್ತು. ಅತ್ತಿಗೆ ಅಲ್ಲಲ್ಲಿನ ಲಾಂಡ್ರಿಗಳು ಹಾಕಿಕೊಂಡ ದರಪಟ್ಟಿಯ ಫೋಟೋ ಹುಡುಕಿ, ಫೋನಿನಲ್ಲಿ ಅನುವಾದ ಮಾಡಿಸಿ, ನಲವತ್ತಮೂರು ದೇಶಗಳ ಒಂದು ಅಂಗಿಯ ದರವನ್ನು ನೋಟುಪುಸ್ತಕದಲ್ಲಿ ಬರೆದರು. ಊರಿಗೊಂದು ದಾರಿಯಾದರೆ ನಿಮ್ಮ ಅತ್ತಿಗೆಗೊಂದು ದಾರಿ ಎಂದು ಅಣ್ಣ ನನ್ನ ಮುಂದೆ ನಗುತ್ತಿದ್ದ. ಆದರೆ ಜನ ಕೊಂಡರು. ನಾಲ್ಕು ವರ್ಷದಲ್ಲಿ ಮುನ್ನೂರು ಚಿಲ್ಲರೆ ಲಾಂಡ್ರಿಗಳು. ಸಂತೆಯ ಪುಟದಲ್ಲಿ ಅವರು ಹೆಸರಿಲ್ಲದೆ ಹಾಕುವ ಪ್ರಶ್ನೆಗಳಿಗೆ ಉತ್ತರ ಬರೆಯುವ ಕೆಲಸ ನನ್ನದು. ಮೂರು ಜನರ ಊಟ, ಬಾಡಿಗೆ, ಅಣ್ಣನ ಮಗಳ ಕಾಲೇಜು ಎಲ್ಲವೂ ಆ ಸಂತೆಯಿಂದಲೇ ನಡೆಯತೊಡಗಿತು. ಲಾಂಡ್ರಿ ಮುಚ್ಚಿದೆವು.

ಎರಡು ವರ್ಷಕ್ಕೊಮ್ಮೆ ಅತ್ತಿಗೆ ಎಲ್ಲ ದೇಶದ ಅಂಗಿಯನ್ನೂ ಮತ್ತೆ ವಿಚಾರಿಸುತ್ತಾರೆ. ಹೋದ ವರ್ಷ ಹಾಗೆ ನೋಡುತ್ತಾ ಕೂತವರು ಇದ್ದಕ್ಕಿದ್ದಂತೆ ಪೆನ್ನು ಕೆಳಗಿಟ್ಟರು. ನಾನು ಪಕ್ಕದಲ್ಲೇ ಇದ್ದೆ. ಪರದೆಯ ಮೇಲೆ ದೂರದ ಒಂದು ದೇಶದ ದರಪಟ್ಟಿಯ ಫೋಟೋ ಇತ್ತು. ಕೆಳಗೆ ಸಣ್ಣ ಅಕ್ಷರದ ಒಂದು ಸಾಲು. ಫೋನು ಅದನ್ನು ಹೀಗೆ ಓದಿತು: ಎಲ್ಲ ದರಗಳೂ ಒಂದು ಡಜನ್ ಬಟ್ಟೆಗೆ.

ಹಳೆಯ ಫೋಟೋ ತೆಗೆದು ನೋಡಿದೆವು. ಅದೂ ಅಂಥದೇ ಪಟ್ಟಿ, ಆದರೆ ಕೆಳಗಿನ ಸಾಲಿಗೆ ಅಡ್ಡವಾಗಿ ಯಾರೋ ಸೈಕಲ್ ನಿಲ್ಲಿಸಿದ್ದರು. ಆ ದೇಶದಲ್ಲಿ ಬಟ್ಟೆಯನ್ನು ಡಜನ್ ಲೆಕ್ಕದಲ್ಲೇ ಹಾಕುತ್ತಾರಂತೆ. ಬೇರೆ ಯಾರೇ ಆಗಿದ್ದರೂ ಅಷ್ಟು ದೊಡ್ಡ ದರ ನೋಡಿ ಅನುಮಾನ ಪಡುತ್ತಿದ್ದರು. ಅತ್ತಿಗೆ ಪಡಲಿಲ್ಲ. ಜೀವಮಾನವೆಲ್ಲ ದರಪಟ್ಟಿಯ ಕೆಳಗೆ ನಿಂತವರು, ಪಟ್ಟಿ ಎಂದರೆ ಒಂದು ಬಟ್ಟೆಯ ಪಟ್ಟಿ ಎಂದೇ ಅವರ ಕಣ್ಣಿಗೆ ರೂಢಿ. ಆ ದೇಶದಲ್ಲಿ ನಮ್ಮ ಬೆಲೆ ದಿನಕ್ಕೊಂದು ಅಂಗಿಯಲ್ಲ, ದಿನಕ್ಕೆ ಹನ್ನೆರಡು.

"ಅಷ್ಟು ಕೊಟ್ಟು ಅಲ್ಲಿ ಯಾರು ತಗೊಂಡಿರ್ತಾರೆ ಬಿಡಿ," ಎಂದೆ.

ಅತ್ತಿಗೆ ಗಿರಾಕಿಗಳ ಪಟ್ಟಿ ತೆಗೆದರು. ಒಬ್ಬ ತೆಗೆದುಕೊಂಡಿದ್ದ. ಗಿರಾಕಿ ಸಂಖ್ಯೆ ಎಂಬತ್ತೇಳು. ಒಂದು ಇಸ್ತ್ರಿ ಮೇಜು, ಎರಡು ಒಗೆಯುವ ಯಂತ್ರ, ಇಪ್ಪತ್ತು ತಿಂಗಳು. ಒಮ್ಮೆಯೂ ತಡ ಮಾಡಿಲ್ಲ, ಒಮ್ಮೆಯೂ ದೂರು ಹೇಳಿಲ್ಲ. ದೂರು ಹೇಳುವುದಾದರೂ ಹೇಗೆ? ಸಂತೆಯ ಪುಟದಲ್ಲಿ ಬೆಲೆಯ ಪಕ್ಕ ಹಸಿರು ಚೌಕದಲ್ಲಿ ಬರೆದಿತ್ತು: ನಿಮ್ಮ ದೇಶಕ್ಕೆಂದೇ ನಿಗದಿಪಡಿಸಿದ ಬೆಲೆ. ಅವನ ದುಡ್ಡಿನಲ್ಲೇ, ಅವನ ಭಾಷೆಯಲ್ಲೇ ಬರೆದದ್ದನ್ನು ಅವನು ನಂಬಿದ್ದ. ಮೂಗಿಗಿಂತ ಮೂಗುತಿ ಭಾರವಾದರೂ ಹೊತ್ತುಕೊಂಡಿದ್ದ.

ಆ ಕ್ಷಣದಲ್ಲೇ ಅತ್ತಿಗೆ ಬೆಲೆ ಬದಲಿಸಲು ಹೋದರು. ಅರ್ಜಿ ತೆರೆದುಕೊಂಡಿತು. ಇಳಿಸಲು ಕಾರಣವೇನು ಎಂದು ಕೇಳಿ ಸಂತೆ ನಾಲ್ಕು ಉತ್ತರ ಕೊಟ್ಟಿತ್ತು: ರಿಯಾಯಿತಿ ಮಾರಾಟ, ಪೈಪೋಟಿ, ಹಳೆಯ ಆವೃತ್ತಿ, ಇತರೆ. ತಪ್ಪಾಯಿತು ಎಂಬುದಕ್ಕೆ ಜಾಗವಿರಲಿಲ್ಲ. ಸಂತೆಯಲ್ಲಿ ಯಾರೂ ತಪ್ಪು ಮಾಡುವುದಿಲ್ಲವೆಂದು ಕಾಣುತ್ತದೆ. ಅತ್ತಿಗೆ ಇತರೆಯನ್ನು ಒತ್ತಿ, ಒಂದು ಅಂಗಿಯ ದರ ಹಾಕುವ ಕಡೆ ಡಜನ್ ಅಂಗಿಯ ದರ ಹಾಕಿದ್ದೇನೆ ಎಂದು ಬರೆದರು. ಒಂಬತ್ತು ದಿನ ಬಿಟ್ಟು ಉತ್ತರ ಬಂತು. ಅರ್ಧಕ್ಕಿಂತ ಹೆಚ್ಚು ಇಳಿಕೆ ಅನುಮಾನಾಸ್ಪದ, ಕೋರಿಕೆ ತಿರಸ್ಕರಿಸಲಾಗಿದೆ.

ಅನುಮಾನಾಸ್ಪದ. ಹನ್ನೆರಡು ಪಟ್ಟು ಏರಿಸಿದ್ದರೆ ಅನುಮಾನ ಬರುತ್ತಿರಲಿಲ್ಲ, ಇಳಿಸಿದರೆ ಬಂತು. ನಾನು ಆ ಉತ್ತರವನ್ನು ಜೋರಾಗಿ ಎರಡು ಸಲ ಓದಿ, ಬಾಯಿಗೆ ಬಂದಂತೆ ಬೈದೆ. ಅತ್ತಿಗೆ ಬೈಯಲಿಲ್ಲ, ಎರಡನೆಯ ಅರ್ಜಿ ಬರೆದರು. ದರಪಟ್ಟಿಯ ಎರಡೂ ಫೋಟೋ ಲಗತ್ತಿಸಿದರು. ಮೂರು ವಾರ ಕಳೆದು ಒಪ್ಪಿಗೆ ಬಂತು. ಅದರಲ್ಲೂ ಒಂದು ಕೊಕ್ಕೆ: ಹೊಸ ಬೆಲೆ ಹೊಸ ಗಿರಾಕಿಗಳಿಗೆ ಮಾತ್ರ. ಹಳಬರಿಗೆ ಬೆಲೆ ರಕ್ಷಣೆ ಇದೆ, ಅವರು ಸೇರಿದಾಗ ಎಷ್ಟಿತ್ತೋ ಅಷ್ಟೇ.

ಅತ್ತಿಗೆ ಸಹಾಯವಾಣಿಗೆ ಫೋನ್ ಮಾಡಿದರು. ಆ ಕಡೆ ಒಬ್ಬ ವಿನಯವಂತ. ಇಂಥವರ ವಿನಯ ನೋಡಿದರೆ ನನಗೆ ಮೈಯೆಲ್ಲ ಉರಿಯುತ್ತದೆ.

"ಮೇಡಂ, ಆ ಗಿರಾಕಿ ದೂರು ಕೊಟ್ಟಿದಾರಾ?"

"ಇಲ್ಲಪ್ಪ, ಅವನಿಗೆ ಗೊತ್ತೇ ಇಲ್ಲ."

"ಹಾಗಾದ್ರೆ ತೊಂದರೆ ಯಾರಿಗೆ ಮೇಡಂ?"

"ಅವನಿಗೇ."

"ಆದ್ರೆ ಅವರು ದೂರು ಕೊಟ್ಟಿಲ್ಲವಲ್ಲ."

"ಅವನ ವಿಳಾಸ ಆದ್ರೂ ಕೊಡಿ, ನಾನೇ ಹೇಳ್ತೀನಿ. ಅದನ್ನ ರದ್ದು ಮಾಡಿ ಹೊಸದಾಗಿ ತಗೊಳ್ಳಿ ಅಂತೀನಿ."

"ಗಿರಾಕಿಗಳ ವಿಳಾಸ ಕೊಡೋ ಹಾಗಿಲ್ಲ ಮೇಡಂ. ನೀವು ನೇರವಾಗಿ ಸಂಪರ್ಕ ಮಾಡೋದು ಕೂಡ ನಿಯಮಕ್ಕೆ ವಿರುದ್ಧ. ನಿಮ್ಮ ಸಾಫ್ಟ್‌ವೇರನ್ನೇ ತೆಗೆದು ಹಾಕ್ತಾರೆ. ನಿಮ್ಮ ಒಳ್ಳೇದಕ್ಕೇ ಹೇಳ್ತಿದೀನಿ."

ಅತ್ತಿಗೆ ಫೋನ್ ಇಟ್ಟರು. ಅಷ್ಟರಲ್ಲಿ ಇನ್ನೊಂದು ತಿಂಗಳಾಗಿತ್ತು. ಗಿರಾಕಿ ಎಂಬತ್ತೇಳು ಮತ್ತೆ ಮುನ್ನೂರ ಅರವತ್ತು ಅಂಗಿಯ ದುಡ್ಡು ಕಟ್ಟಿದ್ದ.

ಆ ಸಂಜೆ ಅಡುಗೆಮನೆಯಲ್ಲಿ ಅತ್ತಿಗೆ ಅಣ್ಣನನ್ನು ಕೇಳಿದರು, ಸಾಫ್ಟ್‌ವೇರ್ ತೆರೆದ ಕೂಡಲೇ ಬರುವ ಮೊದಲ ಪರದೆಯ ಮೇಲೆ, ಆ ದೇಶಕ್ಕೆ ಮಾತ್ರ, ನಾಲ್ಕು ಸಾಲು ಬರೆಯಲು ಆಗುತ್ತದೆಯೇ ಎಂದು.

"ಆಗುತ್ತೆ," ಎಂದ ಅಣ್ಣ. "ಸಂತೆಯವರಿಗೆ ಗೊತ್ತಾದ್ರೆ ನಾಳೆಯಿಂದ ಮುನ್ನೂರು ಗಿರಾಕೀನೂ ಇಲ್ಲ. ಒಬ್ಬನಿಗೋಸ್ಕರ ಮನೆಮಂದಿ ಎಲ್ಲ ಬೀದಿಗೆ ಬರೋದಾ? ಮಗಳ ಕೊನೇ ವರ್ಷ ಇದು."

ಅಣ್ಣನ ಮಾತು ತಪ್ಪು ಎಂದು ಹೇಳಲಾರೆ. ನಾನೂ ಒಳಗೊಳಗೇ ಅದನ್ನೇ ಯೋಚಿಸುತ್ತಿದ್ದೆ, ಬೈಯುವ ಬಾಯಿಗೆ ಆಗ ಬೀಗ ಬಿದ್ದಿತ್ತು. ನನ್ನ ಮೇಲೆ ನನಗೇ ಅಸಹ್ಯವಾಯಿತು.

ಅತ್ತಿಗೆ ದನಿ ಏರಿಸಲಿಲ್ಲ. "ಅವನು ದಿನಾ ಹನ್ನೆರಡು ಅಂಗಿ ನನಗೋಸ್ಕರ ತಿಕ್ತಾ ಇದಾನೆ. ಹನ್ನೆರಡು ಅಂಗಿ ತಿಕ್ಕೋಕೆ ಎಷ್ಟು ಹೊತ್ತು ಬೇಕು ಅಂತ ನಿಮಗೆ ಗೊತ್ತಿಲ್ಲ. ನನಗೆ ಗೊತ್ತು. ಬರೀರಿ."

ಅಣ್ಣ ಬರೆದ. ನಿಮಗೆ ಹಾಕಿದ ಬೆಲೆ ತಪ್ಪು, ಇದನ್ನು ರದ್ದು ಮಾಡಿ ಇವತ್ತೇ ಹೊಸದಾಗಿ ಕೊಳ್ಳಿ, ಹನ್ನೆರಡನೇ ಒಂದು ಪಾಲಿಗೆ ಸಿಗುತ್ತದೆ, ಹೆಚ್ಚಾಗಿ ಪಡೆದದ್ದನ್ನು ಹಿಂದಿರುಗಿಸುತ್ತೇನೆ. ಕೆಳಗೆ ಅತ್ತಿಗೆಯ ವಿಳಾಸ. ನಾಲ್ಕು ದಿನ ಗಂಟೆಗೊಮ್ಮೆ ಸಂತೆಯ ಪುಟ ತೆರೆದು, ನಮ್ಮ ಸಾಫ್ಟ್‌ವೇರ್ ಇನ್ನೂ ಇದೆಯೇ ಎಂದು ನೋಡಿದೆವು. ಸಂತೆಯವರಿಗೆ ಗೊತ್ತೇ ಆಗಲಿಲ್ಲ. ಒಬ್ಬ ಬಡ ಲಾಂಡ್ರಿಯವನು ಹನ್ನೆರಡು ಪಟ್ಟು ಕಟ್ಟುತ್ತಿದ್ದುದು ಇಪ್ಪತ್ತೊಂದು ತಿಂಗಳು ಕಾಣದವರಿಗೆ ಇದು ಎಲ್ಲಿ ಕಂಡೀತು?

ಐದನೆಯ ದಿನ ಅವನ ಪತ್ರ ಬಂತು. ಅನುವಾದ ಒರಟಾಗಿತ್ತು, ಆದರೂ ಅರ್ಥವಾಗುತ್ತಿತ್ತು. ನಮಗೆ ಅವನು ಬೈದಿರಲಿಲ್ಲ, ಕೃತಜ್ಞತೆ ಹೇಳಿದ್ದ. ಬೆಲೆ ಜಾಸ್ತಿ ಎಂದು ಮೊದಲ ತಿಂಗಳೇ ಅನಿಸಿತ್ತಂತೆ. ಆದರೆ ನಮ್ಮ ದೇಶಕ್ಕೆಂದೇ ಹಾಕಿದ ಬೆಲೆ ಎಂದು ಬರೆದಿತ್ತಲ್ಲ, ಬೇರೆಯವರೆಲ್ಲ ಕೊಡುತ್ತಿರಬೇಕು, ನನ್ನ ಅಂಗಡಿಯೇ ಬಡ ಅಂಗಡಿ ಎಂದುಕೊಂಡನಂತೆ. ಬಟ್ಟೆ ಅದಲು ಬದಲಾಗುವುದು ನಿಂತಿತ್ತು, ಆದ್ದರಿಂದ ಸಾಫ್ಟ್‌ವೇರ್ ಬಿಡಲು ಮನಸ್ಸಾಗಲಿಲ್ಲ. ನಾಲ್ಕನೆಯ ತಿಂಗಳಲ್ಲಿ ಇಸ್ತ್ರಿಯ ಹೆಂಗಸನ್ನು ಕೆಲಸದಿಂದ ಬಿಡಿಸಿದನಂತೆ. ಹನ್ನೊಂದು ವರ್ಷದಿಂದ ಇದ್ದವಳು. ಈಗ ಇಸ್ತ್ರಿ ತಾನೇ ಮಾಡುತ್ತಾನೆ, ಅವಳಷ್ಟು ಚೆನ್ನಾಗಿ ಬರುವುದಿಲ್ಲ.

ನಾನು ಓದುತ್ತಿದ್ದೆ, ಅತ್ತಿಗೆ ಕೇಳುತ್ತಿದ್ದರು. ಮುಗಿದ ಮೇಲೆ ಒಂದೇ ಮಾತು: "ಅವಳನ್ನ ವಾಪಸ್ ಕರೀರಿ ಅಂತ ಬರಿ. ಅವಳ ಸಂಬಳಕ್ಕೆ ಆಗೋಷ್ಟು ನಾವು ಕಳಿಸ್ತೀವಿ ಅಂತ ಬರಿ."

ಬರೆದೆ. ಸಂತೆಯ ಮೂಲಕ ಅಲ್ಲ, ಅಣ್ಣ ಬ್ಯಾಂಕಿಗೆ ಹೋಗಿ ನಾಲ್ಕು ಕಿಟಕಿ ಸುತ್ತಿ, ಹೆಚ್ಚಾಗಿ ಪಡೆದದ್ದನ್ನೂ ಅವಳ ಸಂಬಳದ ದುಡ್ಡನ್ನೂ ಕಳಿಸಿದ. ಆ ವರ್ಷ ಅತ್ತಿಗೆ ಎರಡು ಬಳೆ ಮಾರಿದರು.

ಎರಡು ವಾರ ಬಿಟ್ಟು ಅವನು ಮತ್ತೆ ಬರೆದ. ದುಡ್ಡು ಮುಟ್ಟಿದೆ. ಅವಳ ಮನೆಗೆ ಎರಡು ಸಲ ಹೋಗಿ ಬಂದನಂತೆ. ಬಾಗಿಲಲ್ಲೇ ನಿಂತು ಅವಳು ಕೇಳಿದಳಂತೆ, ಅವತ್ತು ಸಾಫ್ಟ್‌ವೇರ್ ಬೆಲೆ ಜಾಸ್ತಿ, ಸಂಬಳ ಕೊಡಲಾಗುವುದಿಲ್ಲ ಎಂದೆ, ಇವತ್ತು ಬೆಲೆ ಇಳಿಯಿತು ಎನ್ನುತ್ತೀಯ. ಬೆಲೆ ಎಲ್ಲಾದರೂ ಇಳಿಯುತ್ತದೆಯೇ? ಆಗ ಹೇಳಿದ್ದು ಸುಳ್ಳೋ, ಈಗ ಹೇಳುತ್ತಿರುವುದು ಸುಳ್ಳೋ?

ಬರುವುದಿಲ್ಲ ಎಂದಳಂತೆ.

ಅತ್ತಿಗೆ ನನ್ನ ಕಡೆ ತಿರುಗಿ, "ಅವಳು ಹೇಳಿದ್ರಲ್ಲಿ ಏನು ತಪ್ಪಿದೆ ಹೇಳು," ಎಂದರು.