ಹೆಮ್ಮಾಡಿಯಲ್ಲಿ ನಿಂತುಹೋದ ಆಲ್ಬಂ

ಕುಂದಾಪುರದಿಂದ ಬೈಂದೂರಿಗೆ ಹೊರಟ ಖಾಸಗಿ ಬಸ್ಸಿನಲ್ಲಿ, ವಿದೇಶಿ ರಾಕ್ ತಂಡವೊಂದರ ಗಾಯಕ ಬದಲಾದ ವಿಷಯವಾಗಿ ತೀವ್ರ ಬಿಕ್ಕಟ್ಟು ತಲೆದೋರಿತು. ಗಾಯಕ ಬದಲಾಗಿ ದಶಕಗಳೇ ಕಳೆದಿವೆ. ಬಸ್ಸಿಗೆ ಸುದ್ದಿ ತಡವಾಗಿ ತಲುಪಿತ್ತು.

ಕಂಡಕ್ಟರ್ ತನ್ನ ಪೆನ್‌ಡ್ರೈವ್‌ನಿಂದ ಹೊಸ ಗಾಯಕನ ಮೊದಲ ಆಲ್ಬಂ ಹಾಕಿದ್ದ. ಹಳೆಯ ಗಾಯಕನ ಅಭಿಮಾನಿಯಾದ ಡ್ರೈವರ್ ಹೆಮ್ಮಾಡಿಯಲ್ಲಿ ಬಸ್ಸು ನಿಂತದ್ದೇ ಹಾಡನ್ನು ಬಂದ್ ಮಾಡಿದ.

"ಇವ ಹಾಡುದಲ್ಲ, ಕಿರ್ಚುದ್."

"ಹಳಿಯವ ಎಂತ, ಜೋಗುಳ ಹಾಡ್ತಿದ್ನಾ?" ಎಂದ ಕಂಡಕ್ಟರ್ ಸೀಟಿಯನ್ನು ಜೇಬಿಗಿಳಿಸಿದ. ಸೀಟಿ ಊದದೆ ಬಸ್ಸು ಹೊರಡುವುದಿಲ್ಲ. ನನಗೋ ಬೈಂದೂರಿನಲ್ಲಿ ರೈಲು ಹಿಡಿಯಬೇಕಿತ್ತು.

"ಇಬ್ಬರೂ ಚೆನ್ನಾಗಿಯೇ ಹಾಡುತ್ತಾರೆ" ಎಂದೆ.

"ನಿಮ್ಗ್ ಗೊತ್ತಿಲ್ಲ, ಸುಮ್ನೆ ಕೂಕಣಿ" ಎಂದು ಇಬ್ಬರೂ ಒಮ್ಮತದಿಂದ ಗದರಿದರು.

ಹಿಂದಿನ ಸೀಟಿನಿಂದ ಮೀನು ಮಾರುವ ಅಕ್ಕ ಎದ್ದರು. "ಹ್ವಾಯ್, ಪದ ಹೇಳ್ವ ಭಾಗವತ್ರ್ ಮೇಳ ಬಿಟ್ರ್ ಅಂದೇಳಿ ಆಟ ನಿಲ್ಸ್ತ್ರಾ? ಹೊಸಬ್ರದ್ದೂ ಒಂದ್ ಪದ ಕೇಂಬ, ಹಾಕಿ ಮಾರಾಯ್ರೆ!"

ಯಕ್ಷಗಾನದ ನ್ಯಾಯಕ್ಕೆ ಇಲ್ಲಿ ಮೇಲ್ಮನವಿ ಇಲ್ಲ. ಡ್ರೈವರ್ ಹಾಡು ಹಾಕಿದ, ಕಂಡಕ್ಟರ್ ಸೀಟಿ ಊದಿದ. ಮರವಂತೆ ದಾಟುವಾಗ ಡ್ರೈವರನ ಬೆರಳು ಸ್ಟೇರಿಂಗಿನ ಮೇಲೆ ತಾಳ ಹಾಕುತ್ತಿತ್ತು. ಆಲ್ಬಂ ಪೂರ್ತಿ ಕೇಳುವ ಆಸೆಯಿಂದ ಅವನು ಬಸ್ಸನ್ನೂ ನಿಧಾನ ಮಾಡಿದ.

ನಾನು ಬೈಂದೂರು ನಿಲ್ದಾಣ ತಲುಪುವಾಗ ರೈಲು ಹೋಗಿತ್ತು.