ನೆತ್ತಿ ತೆರೆದಿಟ್ಟ ಕುಲಾವಿ

ಆಡಕಿ ಊರಲ್ಲಿ ಇನ್ನೂ ಪೂರಾ ಬೆಳಕು ಹರಿದಿಲ್ಲ. ಉಮಾದೇವಿ ಹೊಸ್ತಿಲ ಹೊರಗೆ ಚಾಪೆ ಹಾಸಿ, ಕಾಲು ಚಾಚಿ ಕುಂತಿದ್ದಾರೆ. ತೊಡೆಯ ಮೇಲೆ ಹಸಿರು ಖಣದ ಕುಲಾವಿ. ಎಳೆಗೂಸಿನ ಕಿವಿ, ಹಿಂದಲೆ ಮುಚ್ಚುವ ಟೊಪ್ಪಿಗೆ ಅದು; ತೊಟ್ಟಿಲಿಗೆ ಹಾಕುವ ದಿನ ಕೂಸಿನ ತಲೆಗೆ ಬೇಕೇ ಬೇಕು. ಒಳಗೆ ಹಳೆ ಧೋತರದ ಮೆತ್ತನೆ ಅರಿವೆ ಕೊಟ್ಟಾಗಿದೆ, ಗದ್ದದ ಕೆಳಗೆ ಕಟ್ಟುವ ಕಸಿ ಹಚ್ಚಿಯಾಗಿದೆ. ನೆತ್ತಿಯಲ್ಲಿ ಮಾತ್ರ ಎರಡು ಬೆರಳು ತೂರುವಷ್ಟು ಬಾಯಿ ಬಿಟ್ಟಿದೆ.

ಸೇಡಂನಿಂದ ಮೊದಲ ಆಟೋ ಹಿಡಿದು ಬಂದ ಸೀತಾಬಾಯಿ ಕಟ್ಟೆಯ ಮೇಲೆ ಕುಂತಿದ್ದಾರೆ. ಸಾಲಿ ಕಲಿಸಿ ನಿವೃತ್ತರಾದವರು. ಅವರ ಮಗಳ ಕೂಸಿಗೆ ಇವತ್ತೇ ಹೆಸರಿಡುವುದು.

“ಇಷ್ಟೆಲ್ಲ ಹೊಲದಾಕಿಗೆ ಇದೊಂದು ಚೂರು ಭಾರ ಆತೇನವಾ?”

“ಅದು ನಿಮ್ಮ ಪಾಲಿಂದ್ರಿ ಬಾಯಾರ. ಕೂಸಿನ ಅಜ್ಜಿ ನೀವು. ಹಿಡೀರಿ ಸೂಜಿ.”

“ಚಷ್ಮಾ ಮನ್ಯಾಗ ಬಿಟ್ಟು ಬಂದೀನಲ್ಲ!”

“ದಾರ ನಾ ಪೋಣಸೀನಿ. ಮುಂದಿಂದು ಕೈಗೆ ಗೊತ್ತಿರ್ತದ.”

ಸೀತಾಬಾಯಿ ಗೊಣಗುತ್ತಲೇ ಹೊಲಿಯುತ್ತಾರೆ. ಹೊಲಿಯುತ್ತ ಹೊಲಿಯುತ್ತ ಬೆರಳು ತಾವೇ ಅಂಚು ಹುಡುಕಿಕೊಳ್ಳುತ್ತವೆ.

ಉಮಾದೇವಿಯ ತವರು ತೆಂಗಳಿ. ಆದಿತ್ಯನಗರದ ಸಿಮೆಂಟ್ ಕಾರ್ಖಾನೆ ಕ್ವಾರ್ಟರ್ಸಿನ ಹೆಂಗಸರಿಗೆ ಜಂಪರು ಹೊಲಿದು ಕೈ ಪಳಗಿತು. ಕುಲಾವಿ ಕಲಿಸಿದವರು ಅತ್ತೆ ಮಹಾದೇವಮ್ಮ. ಆ ಕೆಲಸಕ್ಕೊಂದು ಕಟ್ಟುಪಾಡಿದೆ. ಹುಟ್ಟದ ಕೂಸಿಗೆ ಬಟ್ಟೆ ಹೊಲಿಯಬಾರದು. ಹುಟ್ಟಿದ ಮೇಲೆ ಹೇಳಿಕಳಿಸುತ್ತಾರೆ, ತೊಟ್ಟಿಲ ದಿನದೊಳಗೆ ಮುಗಿಯಬೇಕು. ಒಮ್ಮೆಗೇ ನಾಲ್ಕು ಮನೆಯವರು ಬಂದರೆ ಇಬ್ಬರು ಬರಿಗೈಲಿ ಹೋಗಿ ಬಜಾರದ ನೈಲಾನ್ ಟೊಪ್ಪಿಗೆ ತರುತ್ತಾರೆ. ಮತ್ತೆ ಕೆಲವು ತಿಂಗಳು ಯಾರೂ ಇಲ್ಲ, ಮಷಿನ್ ಮೇಲೆ ಧೂಳು.

ಒಂದು ಬೇಸಿಗೆಯಲ್ಲಿ ಉಮಾದೇವಿ ಧೈರ್ಯ ಮಾಡಿದರು. ಒಂದು ಗಂಟು ಕುಲಾವಿ ಮೊದಲೇ ಹೊಲಿದು, ಮಂದಿ ನೋಡಿ ಕೊಳ್ಳಲಿ ಅಂತ ಪಡಸಾಲೆಯ ಹಗ್ಗಕ್ಕೆ ಸಾಲಾಗಿ ತೂಗುಹಾಕಿದರು. ನೀರಿಗೆ ಹೋಗುವ ಹೆಂಗಸರು ಮುಖ ತಿರುವಿದರು. ಬಸುರಿ ಸೊಸೆಯಿದ್ದ ನೆರೆಮನೆಯ ಜಾನಬಿ ಬಾಗಿಲಿಗೇ ಬಂದು ನಿಂತರು.

“ಖಾಲಿ ತೊಟ್ಟಲಾ ತೂಗಬಾರ್ದಂತಾರ, ನೀ ಖಾಲಿ ಕುಲಾವಿ ತೂಗಹಾಕೀಯಲ್ಲ! ಇಳಸವ್ವ, ನಿನ್ನ ಕಾಲ ಬೀಳ್ತೀನಿ.”

ಅವತ್ತು ಸಂಜೆ ಉಮಾದೇವಿ ಎಲ್ಲ ಇಳಿಸಿದರು. ಹರಿದುಹಾಕಲು ಮನಸ್ಸಾಗದೆ ನೆತ್ತಿಯ ಹೊಲಿಗೆಯಷ್ಟೇ ಬಿಚ್ಚಿದರು. ಮಹಾದೇವಮ್ಮ ಒಂದನ್ನು ಕಣ್ಣಿಗೆ ಹಿಡಿದು ನೋಡಿದರು.

“ಇದಕ್ಕ ನೆತ್ತೀನೇ ಇಲ್ಲ. ಇದು ಕುಲಾವಿ ಅಲ್ಲ, ಬರೇ ಅರಿವಿ. ಅರಿವಿ ಎಷ್ಟಾರ ಹೊಲಿ, ಯಾರು ಬ್ಯಾಡಂತಾರ?”

ಅಲ್ಲಿಂದ ದಾರಿ ಸಿಕ್ಕಿತು. ಟ್ರಂಕಿನ ತುಂಬ ನೆತ್ತಿಯಿಲ್ಲದ ಕುಲಾವಿ. ಕೂಸು ಹುಟ್ಟಿದ ಮೇಲೆ ಅದರ ಅಜ್ಜಿ ಬಂದು, ಬಣ್ಣ ಆರಿಸಿ, ತಾನೇ ನೆತ್ತಿ ಮುಚ್ಚಿಕೊಂಡು ಒಯ್ಯುತ್ತಾಳೆ. ಮೊದಲು ಒಯ್ದವರು ಜಾನಬಿಯೇ. ಮುಂದೆ ಅವರ ಸೊಸೆಯೂ ಇಲ್ಲಿ ಕಸಿ ಹೊಲಿಯುವ ಕೆಲಸಕ್ಕೆ ಬರತೊಡಗಿದಳು. ಇಬ್ಬರ ಕೈಗೆ ಬರೀ ಊರ ಕೂಸುಗಳ ಕೆಲಸ ಸಾಲದಾಯಿತು.

ವಾಡಿಯ ಸ್ಟೇಷನ್ ರಸ್ತೆಯಲ್ಲಿ ಮಕ್ಕಳ ಬಟ್ಟೆ ಅಂಗಡಿ ಇಟ್ಟಿರುವ ನಾಹಿದ ಸುದ್ದಿ ಕೇಳಿ ಬಂದದ್ದು ಆಗಲೇ.

“ಉಮಕ್ಕಾ, ಮಾಲು ಭಾಳ ಚಂದ ಅದ. ತಿಂಗಳ ತಿಂಗಳಾ ಬೇಕು ನನಗ. ಆದ್ರ ತೂತಿನ ಟೊಪಗಿ ಹ್ಯಾಂಗ ಮಾರ್ಲಿ? ಮಷಿನ್ ಮ್ಯಾಲ ಒಂದೆಳಿ ಎಳದು ಕೊಡು.”

ಬೇಡ ಅಂದರೆ ಕೈಗೆ ಬಂದ ಅಂಗಡಿ ಹೋಗುತ್ತದೆ. ಉಮಾದೇವಿ ಮಷಿನ್ ಮುಂದೆ ಕುಂತರು. ಚಕ್ರಕ್ಕೆ ಕೈ ಹಚ್ಚಿದರು. ವಾಡಿಯ ಅಂಗಡಿಯಲ್ಲಿ, ಬಸುರಿಯರು ಓಡಾಡುವ ರಸ್ತೆಗೆ ಮುಖ ಮಾಡಿ, ಅವು ಖಾಲಿ ತೂಗುವುದು ಕಣ್ಣಿಗೆ ಕಟ್ಟಿತು. ಎದ್ದುಬಿಟ್ಟರು.

“ಮುಚ್ಚಿ ಕೊಡಂಗಿಲ್ಲ ನಾಹಿದಾ. ಬೇಕಾದ್ರ ಒಂದೊಂದಕ್ಕೂ ದಾರ ಪೋಣಸಿದ ಸೂಜಿ ಚುಚ್ಚಿ ಕೊಡ್ತೀನಿ.”

“ಯಾ ಅಲ್ಲಾ! ನಂದು ಬಟ್ಟಿ ಅಂಗಡಿನೋ, ಹೊಲಿಗಿ ಸಾಲಿನೋ?”

ನಗುತ್ತಲೇ ಒಂದು ಸಣ್ಣ ಗಂಟು ಒಯ್ದರು, ಹೋಗದಿದ್ದರೆ ವಾಪಸ್ ಎಂಬ ಮಾತಿನ ಮೇಲೆ. ಆಮೇಲೆ ಸುದ್ದಿಯೇ ಇಲ್ಲ. ಗಂಟು ತಿರುಗಿ ಬರುತ್ತದೆಂದು ಉಮಾದೇವಿ ಟ್ರಂಕಿನಲ್ಲಿ ಜಾಗ ಮಾಡಿಟ್ಟಿದ್ದರು.

ಕಳೆದ ತಿಂಗಳು ನಾಹಿದ ಬರಿಗೈಲಿ ಬಂದಿಳಿದರು.

“ಸೊಲ್ಲಾಪುರ ಗಾಡಿ ಹಿಡಿಯೋ ಮುದುಕ ಒಬ್ಬಾವ ಬಂದಿದ್ದ ಅಕ್ಕಾ. ಕೂಸಿನ ಅಜ್ಜಿ ಇಲ್ಲಂತ, ತನ್ನ ಕೈ ನಡಗ್ತಾವಂತ. ‘ನೀನೇ ಹೊಲದು ಕೊಡು ಬೇಟಿ’ ಅಂದ. ಹೊಲದೆ. ಅದನ್ನ ನೋಡಿ ಇನ್ನೊಬ್ಬಾಕಿ ನನಗೂ ಅಂದಳು. ಈಗ ದಿನಾ ಇದೇ ಆಗ್ಯದ. ನನ್ನ ಮಕ್ಕಳ ಮದಿವಿನೇ ಆಗಿಲ್ಲ, ಸ್ಟೇಷನ್ ಮಂದಿ ನನಗ ನಾನಿ, ಅಜ್ಜಿ ಅನ್ಲಿಕತ್ತಾರ!”

ಟ್ರಂಕಿನಲ್ಲಿದ್ದದ್ದನ್ನೆಲ್ಲ ಹೊತ್ತುಕೊಂಡೇ ಹೋದರು.

ಹೆಸರಿಡುವ ದಿನದ ಫೋಟೊದಲ್ಲಿ ಕುಲಾವಿ ಎಲ್ಲರಿಗೂ ಕಾಣುತ್ತದೆ. ಹೊಲಿದವರಾರು ಅಂದರೆ ಅಜ್ಜಿ ಅನ್ನುತ್ತಾರೆ. ಉಮಾದೇವಿಗೆ ಅದರ ಬೇಸರವಿಲ್ಲ. ಜಾನಬಿಯ ಸೊಸೆಗೂ ಒಂದು ಮಷಿನ್ ಹಾಕಿಸಿಕೊಡಬೇಕು, ಸದ್ಯಕ್ಕೆ ಅಷ್ಟೇ ಆಸೆ.

“ಮೊನ್ನೆ ಮಾಲು ಹಾಕಲಿಕ್ಕ ವಾಡಿಗೆ ಹೋಗಿದ್ನಿರಿ. ನಾಹಿದ ಹೊಲದದ್ದೊಂದು ನೋಡಿದೆ. ನೆತ್ತಿ ಹೊಲಿಗಿ ಭಾಳ ಸೊಟ್ಟ,” ಎಂದು ಉಮಾದೇವಿ ಸೀತಾಬಾಯಿಗೆ ಹೇಳಿ ನಗುತ್ತಾರೆ. “ತಿದ್ದಬೇಕಂತ ಕೈ ಹೋತು. ಹಿಂದಕ್ಕ ತಗೊಂಡೆ. ಅಜ್ಜಿ ಹೊಲದದ್ದು ಬಿಚ್ಚಲಿಕ್ಕ ನಾ ಯಾರು?”